ಶೀಟು ಒಡೆಯುವ ಮೊದಲು

ಅಳಿಯ: ಅತ್ತೆ, ಊರಿನ ಮನೆಯ ರಿಪೇರಿ ಈ ಬೇಸಿಗೆಯಲ್ಲಿ ಮುಗಿಸಿಬಿಡಬೇಕು ಅಂತ ಹೊರಟಿದ್ದೇನೆ. ಒಳಮನೆ, ಜಗಲಿಯ ಹೆಂಚು ಹಾಗೇ ಇರಲಿ. ಬಚ್ಚಲುಮನೆ, ಕೊಟ್ಟಿಗೆ, ಹಿತ್ತಲ ಕಡೆ ಇಳಿಸಿದ ಮಾಡು, ಈ ಮೂರರ ಮೇಲಿರುವ ಸಿಮೆಂಟ್ ಶೀಟು ಮಾತ್ರ ತೆಗೆಸಬೇಕು. ಇಬ್ಬರು ಹುಡುಗರು ಸುತ್ತಿಗೆ ಹಿಡಿದು ನಿಂತರೆ ಒಂದೇ ದಿನದ ಕೆಲಸ ಅಂತ ಮೇಸ್ತ್ರಿ ಹೇಳಿದ. ಒಡೆದ ಚೂರನ್ನು ಹೊಸ ಚಾವಡಿಯ ತಳಕ್ಕೆ ತುಂಬಿಸಿದರೆ ಮಣ್ಣು ಹೊಡೆಸುವ ಖರ್ಚೂ ಉಳೀತದಂತೆ. ಅಷ್ಟರಲ್ಲಿ ಸಿಡ್ನಿಯಿಂದ ಅಕ್ಕ ಫೋನ್ ಮಾಡಿ, ಅದನ್ನು ಮುಟ್ಟಲೇಬೇಡ, ಕ್ಯಾನ್ಸರ್ ಬರ್ತದೆ ಅಂತ ಹೆದರಿಸಿದಳು. ನಾವೆಲ್ಲ ಅದರ ಕೆಳಗೇ ಸ್ನಾನ ಮಾಡಿ ಬೆಳೆದವರು. ಯಾರ ಮಾತು ಕೇಳಲಿ?

ಅತ್ತೆ: ನಿನ್ನ ಅಕ್ಕನ ಹೆದರಿಕೆ ಸುಳ್ಳಲ್ಲ. ಆದರೆ ಯಾವುದಕ್ಕೆ ಎಷ್ಟು ಹೆದರಬೇಕು ಅನ್ನುವುದು ಗೊತ್ತಿರಬೇಕು. ಆ ಶೀಟು ಬಿರುಕಿಲ್ಲದೆ ಮಾಡಿನ ಮೇಲೆ ಇರುವಷ್ಟು ದಿನ ಅದರ ಅಪಾಯ ಸಣ್ಣದು. ಒಡೆದಾಗ, ಕೊರೆದಾಗ, ಗರಗಸ ಹಾಕಿದಾಗ, ಒಣಗಿದ ಮೇಲ್ಮೈಯನ್ನು ಉಜ್ಜಿದಾಗ ದೊಡ್ಡದಾಗ್ತದೆ. ನಿನ್ನ ಮೇಸ್ತ್ರಿ ಹೇಳಿದ ದಾರಿ ಇದೆಯಲ್ಲ, ಸುತ್ತಿಗೆಯಲ್ಲಿ ಒಡೆದು ಚೂರನ್ನು ನೆಲಕ್ಕೆ ತುಂಬುವುದು, ಅದಕ್ಕಿಂತ ಕೆಟ್ಟ ದಾರಿ ಹುಡುಕಿದರೂ ಸಿಗಲಿಕ್ಕಿಲ್ಲ.

ಅಳಿಯ: ಸಿಮೆಂಟಿನ ಶೀಟಿನಲ್ಲಿ ಅಂಥದ್ದೇನಿದೆ?

ಅತ್ತೆ: ಆಸ್ಬೆಸ್ಟಾಸ್ ಇದೆ. ಕಲ್ನಾರು ಅಂತ ನೀನು ಶಾಲೆಯಲ್ಲಿ ಓದಿರಬಹುದು. ಗಣಿಯಿಂದ ತೆಗೆಯುವ ಕಲ್ಲೇ ಅದು, ಆದರೆ ನಾರುನಾರಾಗಿ ಬಿಡಿಸಿಕೊಳ್ತದೆ. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಇದನ್ನು ಸಿಮೆಂಟಿನ ಜೊತೆ ಕಲಸಿ ತೆಳ್ಳನೆಯ ಹಾಳೆ ಮಾಡುವ ವಿಧಾನಕ್ಕೆ ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ 1901ರಲ್ಲಿ ಪೇಟೆಂಟ್ ಪಡೆದ. ಹಗುರ, ಗಟ್ಟಿ, ಅಗ್ಗ. ಪ್ರಪಂಚವೆಲ್ಲ ಹರಡಲಿಕ್ಕೆ ಅಷ್ಟು ಸಾಕಾಯಿತು. ಒಂದು ಶೀಟಿನ ತೂಕದಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಪಾಲು ನಾರು, ಉಳಿದದ್ದೆಲ್ಲ ಸಿಮೆಂಟು. ಶೀಟು ಗಟ್ಟಿಯಾಗಿರುವಾಗ ಆ ಸಿಮೆಂಟು ನಾರನ್ನು ಬಿಗಿಯಾಗಿ ಹಿಡಿದಿಟ್ಟಿರ್ತದೆ.

ಅಳಿಯ: ನಮ್ಮ ಮನೆಗೆ ಶೀಟು ಬಂದದ್ದು ಮಂಗಗಳ ಕಾಟಕ್ಕೆ ಅಂತ ಅಪ್ಪ ಹೇಳ್ತಿದ್ದರು.

ಅತ್ತೆ: ಮಲೆನಾಡಿನಲ್ಲಿ ಎಷ್ಟೋ ಮನೆಗಳ ಕತೆ ಅದೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದ ಮೇಲೆ ಸೋಗೆ, ಹುಲ್ಲಿನ ಮಾಡುಗಳೆಲ್ಲ ನಿಧಾನಕ್ಕೆ ಹೆಂಚಾದವು. ಹೆಂಚಿಗೆ ಪಕಾಸಿ, ರೀಪು ಅಂತ ಮರ ತುಂಬ ಬೇಕು. ಮಂಗ ಕುಣಿದರೆ, ತೆಂಗಿನಕಾಯಿ ಬಿದ್ದರೆ ಪ್ರತಿ ವರ್ಷ ಕೈಯಾಡಿಸಬೇಕು. ಶೀಟಿಗೆ ನಾಲ್ಕು ಜಂತಿ, ಒಂದಿಷ್ಟು ಜೆ ಬೋಲ್ಟು ಸಾಕು. ದುಡ್ಡಿಲ್ಲದವರು ಇಡೀ ಮನೆಗೆ ಹಾಕಿದರು, ಇದ್ದವರು ಕೊಟ್ಟಿಗೆಗೆ, ಬಚ್ಚಲಿಗೆ ಹಾಕಿದರು. ಯಾರೂ ತಪ್ಪು ಮಾಡಿದ್ದಲ್ಲ. ಅದರಲ್ಲಿ ಏನಿದೆ ಅಂತ ಅಂಗಡಿಯವನು ಅವರಿಗೆ ಹೇಳಲಿಲ್ಲ, ಅಷ್ಟೆ.

ಅಳಿಯ: ಸರಿ, ನಾರು ಗಾಳಿಗೆ ಬಂತು ಅಂತಲೇ ಇಟ್ಟುಕೊಳ್ಳೋಣ. ಧೂಳು ಕುಡಿಯದವರು ಯಾರಿದ್ದಾರೆ? ಭತ್ತ ತೂರುವಾಗ ಎಷ್ಟು ಧೂಳು ಒಳಗೆ ಹೋಗ್ತದೆ!

ಅತ್ತೆ: ಉಳಿದ ಧೂಳಿಗೂ ಇದಕ್ಕೂ ವ್ಯತ್ಯಾಸ ಇದೆ. ಅಡಿಕೆ ಸಿಪ್ಪೆಯ ನಾರನ್ನು ಉಗುರಿನಲ್ಲಿ ಸೀಳಿದರೆ ಉದ್ದಕ್ಕೇ ಸೀಳ್ತಾ ಹೋಗ್ತದಲ್ಲ, ಕಲ್ನಾರೂ ಹಾಗೆಯೇ. ಒಂದು ಎಳೆ ಹತ್ತಾಗ್ತದೆ, ಹತ್ತು ನೂರಾಗ್ತದೆ, ಪ್ರತಿಯೊಂದೂ ಉದ್ದ ಉಳಿಸಿಕೊಂಡೇ ತೆಳ್ಳಗಾಗ್ತದೆ. ಪ್ರಯೋಗಾಲಯದಲ್ಲಿ ಗಾಳಿಯನ್ನು ಪರೀಕ್ಷಿಸುವಾಗ ಲೆಕ್ಕ ಹಾಕುವುದು ಐದು ಮೈಕ್ರಾನ್‌ಗಿಂತ ಉದ್ದ, ಮೂರು ಮೈಕ್ರಾನ್‌ಗಿಂತ ಸಪೂರ ಇರುವ ಎಳೆಗಳನ್ನು. ನಮ್ಮ ತಲೆಕೂದಲು ಐವತ್ತು ಮೈಕ್ರಾನ್‌ಗೂ ಹೆಚ್ಚು ದಪ್ಪ. ಹಾಗಾಗಿ ಇವು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಇಲ್ಲ, ಗಂಟಲು ಕೆರೆಯುವುದೂ ಇಲ್ಲ. ಗಾಳಿಯಲ್ಲಿ ಗಂಟೆಗಟ್ಟಲೆ ತೇಲ್ತವೆ. ಉಸಿರಿನ ಜೊತೆ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳೀತವೆ.

ಅಳಿಯ: ಅಲ್ಲಿಂದ ದೇಹ ಹೊರಗೆ ಹಾಕುವುದಿಲ್ಲವೇ?

ಅತ್ತೆ: ಪ್ರಯತ್ನಪಡ್ತದೆ. ಗಾಳಿಚೀಲದಲ್ಲಿ ಕಸ ನುಂಗುವ ಜೀವಕೋಶಗಳಿವೆ. ಉರುಟಾದ ಧೂಳಿನ ಕಣವನ್ನು ನುಂಗಿ ಸಾಗಿಸ್ತವೆ. ಎಳೆ ಉದ್ದ ಇದ್ದರೆ ಅದನ್ನು ಪೂರ್ತಿ ನುಂಗಲಿಕ್ಕೆ ಆ ಕೋಶಕ್ಕೆ ಆಗುವುದಿಲ್ಲ. ನುಂಗಲು ಹೋದದ್ದು ಸಾಯ್ತದೆ, ಅದರೊಳಗಿನ ರಾಸಾಯನಿಕಗಳು ಸುತ್ತ ಚೆಲ್ಲಿ ಉರಿಯೂತ ಆಗ್ತದೆ, ಮತ್ತೊಂದು ಕೋಶ ಬರ್ತದೆ. ಇದು ವರ್ಷಗಟ್ಟಲೆ ನಡೆಯುವ ಕೆಲಸ. ತುಂಬ ಧೂಳು ಕುಡಿದವರ ಶ್ವಾಸಕೋಶ ಗಾಯದ ಕಲೆ ಕಟ್ಟಿ ಗಡುಸಾಗ್ತದೆ, ಮೆಟ್ಟಿಲು ಹತ್ತುವುದೂ ಕಷ್ಟವಾಗ್ತದೆ. ಅದು ಆಸ್ಬೆಸ್ಟೋಸಿಸ್. ಎರಡನೆಯದು ಶ್ವಾಸಕೋಶದ ಕ್ಯಾನ್ಸರ್. ಮೂರನೆಯದು ಶ್ವಾಸಕೋಶದ ಹೊರಪೊರೆಗೆ, ಕೆಲವರಿಗೆ ಹೊಟ್ಟೆಯ ಒಳಪೊರೆಗೆ ಬರುವ ಮೆಸೊಥೀಲಿಯೋಮಾ ಅನ್ನುವ ಕ್ಯಾನ್ಸರ್. ಅಪರೂಪದ ರೋಗ, ಆದರೆ ಬಂದರೆ ಕಾರಣ ಬಹುಪಾಲು ಇದೇ. ಗೊತ್ತಾದ ಮೇಲೆ ಹೆಚ್ಚಿನವರು ವರ್ಷ, ಒಂದೂವರೆ ವರ್ಷ ಉಳಿಯುವುದೂ ಕಷ್ಟ. ಗಂಟಲಿನ ಧ್ವನಿಪೆಟ್ಟಿಗೆ, ಅಂಡಾಶಯದ ಕ್ಯಾನ್ಸರಿಗೂ ಇದು ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ.

ಅಳಿಯ: ಆದರೆ ಅತ್ತೆ, ನಮ್ಮ ಊರಲ್ಲಿ ಅರ್ಧ ಮನೆಗಳಿಗೆ ಶೀಟಿದೆ. ಇಂಥ ರೋಗ ಬಂದು ಸತ್ತವರ ಸುದ್ದಿ ಒಂದೂ ಕೇಳಿಲ್ಲ.

ಅತ್ತೆ: ಎರಡು ಕಾರಣ. ಒಂದು, ಮಾಡಿನ ಕೆಳಗೆ ಸುಮ್ಮನೆ ವಾಸ ಮಾಡಿದವರಿಗೆ ಅಪಾಯ ಕಡಿಮೆ ಅಂತ ಆಗಲೇ ಹೇಳಿದೆ. ಎರಡನೆಯದು, ಈ ರೋಗಕ್ಕೆ ಅವಸರ ಇಲ್ಲ. ನಾರು ಒಳಗೆ ಹೋಗಿ ಇಪ್ಪತ್ತು, ಮೂವತ್ತು, ನಲವತ್ತು ವರ್ಷವಾದ ಮೇಲೆ ಕಾಣಿಸಿಕೊಳ್ತದೆ. ಹರೆಯದಲ್ಲಿ ಗರಗಸ ಹಿಡಿದು ಶೀಟು ಕುಯ್ದ ಬಡಗಿಗೆ ಅರವತ್ತೈದಕ್ಕೆ ದಮ್ಮು ಶುರುವಾದರೆ ಯಾರು ಅದನ್ನು ಶೀಟಿಗೆ ತಳಕು ಹಾಕ್ತಾರೆ? ಬೀಡಿ ಅಂತಾರೆ, ಹಳೇ ಟಿ.ಬಿ. ಅಂತಾರೆ, ವಯಸ್ಸಾಯ್ತು ಅಂತಾರೆ. ಮೆಸೊಥೀಲಿಯೋಮಾ ಗುರುತಿಸಬೇಕಾದರೆ ಆ ಪೊರೆಯ ಚೂರು ತೆಗೆದು ವಿಶೇಷ ಪರೀಕ್ಷೆ ಮಾಡಬೇಕು. ತಾಲ್ಲೂಕು ಆಸ್ಪತ್ರೆಗೆ ಬರುವ ಕೂಲಿಯವನು ಅಲ್ಲಿಯವರೆಗೆ ತಲುಪುವುದಿಲ್ಲ. ಮೂವತ್ತು ವರ್ಷದ ಹಿಂದೆ ಏನು ಕೆಲಸ ಮಾಡ್ತಿದ್ದಿ ಅಂತ ಕೇಳುವ ಡಾಕ್ಟರೂ ಅಪರೂಪ. ಕಾರ್ಮಿಕರ ಆರೋಗ್ಯ ನೋಡಿದವಳಾಗಿ ಹೇಳ್ತೇನೆ, ನಮ್ಮಲ್ಲಿ ಸುದ್ದಿ ಇಲ್ಲ ಅಂದರೆ ರೋಗ ಇಲ್ಲ ಅಂತ ಅರ್ಥ ಅಲ್ಲ.

ಅಳಿಯ: ಪ್ರಪಂಚಕ್ಕೆ ಇದು ಯಾವಾಗ ಗೊತ್ತಾಯಿತು?

ಅತ್ತೆ: ಬಹಳ ಹಿಂದೆಯೇ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಆಸ್ಬೆಸ್ಟಾಸ್ ನೂಲುವ ಗಿರಣಿಯಲ್ಲಿದ್ದ ನೆಲ್ಲಿ ಕೆರ್ಶಾ ಅನ್ನುವ ಹೆಂಗಸು 1924ರಲ್ಲಿ ತೀರಿಕೊಂಡಳು, ವಯಸ್ಸು 33. ಅವಳ ಶ್ವಾಸಕೋಶ ಪರೀಕ್ಷೆ ಮಾಡಿದ ಡಾಕ್ಟರು ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದರು. 1960ರಲ್ಲಿ ದಕ್ಷಿಣ ಆಫ್ರಿಕದ ವಾಗ್ನರ್ ಮತ್ತು ಅವರ ಸಂಗಡಿಗರು 33 ಮೆಸೊಥೀಲಿಯೋಮಾ ರೋಗಿಗಳ ವರದಿ ಪ್ರಕಟಿಸಿದರು. ಅವರಲ್ಲಿ ಗಣಿಗೆ ಇಳಿಯದೆ, ಗಣಿಯ ಆಸುಪಾಸಿನಲ್ಲಿ ಬೆಳೆದವರೂ ಇದ್ದರು. 1965ರಲ್ಲಿ ಲಂಡನ್ನಿನ ನ್ಯೂಹೌಸ್ ಮತ್ತು ಥಾಂಪ್ಸನ್ ಅನ್ನುವ ಸಂಶೋಧಕರು ಇನ್ನೊಂದು ಸಂಗತಿ ತೋರಿಸಿದರು. ಕಾರ್ಖಾನೆಗೆ ಕಾಲಿಡದವರಿಗೂ ಈ ಕ್ಯಾನ್ಸರ್ ಬಂದಿತ್ತು. ಕಾರ್ಖಾನೆಯಲ್ಲಿ ದುಡಿಯುವವರು ಅವರ ಮನೆಯಲ್ಲಿದ್ದರು. ಗಂಡ ಹಾಕಿಕೊಂಡು ಬಂದ ಬಟ್ಟೆಯನ್ನು ಹೆಂಡತಿ ಕೊಡವಿ ಒಗೆಯುತ್ತಿದ್ದಳು, ಅಷ್ಟೆ.

ಅಳಿಯ: ಬಟ್ಟೆ ಒಗೆದದ್ದಕ್ಕೆ?

ಅತ್ತೆ: ಬಟ್ಟೆ ಕೊಡವಿದಾಗ ಎದ್ದ ಧೂಳಿಗೆ. ಅದಕ್ಕೇ ನಿನ್ನ ಮಾಡು ಇಳಿಸಲಿಕ್ಕೆ ಬರುವ ಹುಡುಗರ ವಿಷಯ ನನಗೆ ಮುಖ್ಯ. ಅವರು ಅದೇ ಅಂಗಿಯಲ್ಲಿ ಮನೆಗೆ ಹೋಗ್ತಾರೆ, ಮಗುವನ್ನು ಎತ್ತಿಕೊಳ್ತಾರೆ. ನಿನಗೆ ಇದು ಒಂದು ದಿನದ ಕೆಲಸ. ಅವರು ನಿನ್ನ ಮನೆ ಮುಗಿಸಿ ನಾಳೆ ಇನ್ನೊಬ್ಬರ ಮಾಡು ಒಡೆಯಲಿಕ್ಕೆ ಹೋಗ್ತಾರೆ. ಎಷ್ಟು ನಾರು, ಎಷ್ಟು ಸಲ, ಎಷ್ಟು ವರ್ಷ ಒಳಗೆ ಹೋಯಿತು ಅನ್ನುವುದರ ಮೇಲೆ ಅಪಾಯ ಏರ್ತದೆ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಗೆರೆ ಕ್ಯಾನ್ಸರಿನ ಮಟ್ಟಿಗೆ ಯಾರಿಗೂ ಸಿಕ್ಕಿಲ್ಲ. ಅದರ ಮೇಲೆ ಬೀಡಿ ಬೇರೆ. ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಬಗ್ಗೆ 1979ರಲ್ಲಿ ಬಂದ ಅಧ್ಯಯನ ನೋಡು: ಎರಡೂ ಇಲ್ಲದವರಿಗೆ ಹೋಲಿಸಿದರೆ, ಧೂಮಪಾನ ಮಾಡದ ಆಸ್ಬೆಸ್ಟಾಸ್ ಕೆಲಸಗಾರರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ ಸುಮಾರು 5 ಪಟ್ಟು, ಧೂಮಪಾನ ಮಾತ್ರ ಇದ್ದವರಿಗೆ ಸುಮಾರು 11 ಪಟ್ಟು, ಎರಡೂ ಸೇರಿದವರಿಗೆ 50 ಪಟ್ಟಿಗೂ ಹೆಚ್ಚು.

ಅಳಿಯ: ಹಾಗಾದರೆ ಬಚ್ಚಲುಮನೆಯಲ್ಲಿ ದಿನಾ ಸ್ನಾನ ಮಾಡುವ ಅಮ್ಮನಿಗೆ ಏನೂ ಆಗುವುದಿಲ್ಲ ಅಂತ ಧೈರ್ಯ ಹೇಳಬಹುದೇ?

ಅತ್ತೆ: ಹೆದರಬೇಡಿ ಅಂತ ಹೇಳು. ಶೀಟಿಗೆ ಬಿರುಕಿಲ್ಲ, ಯಾರೂ ಅದನ್ನು ಕೊರೆಯುತ್ತಿಲ್ಲ ಅಂದರೆ ಅವರು ಉಸಿರಾಡುವ ಗಾಳಿಯಲ್ಲಿ ನಾರು ಬಹಳ ಕಡಿಮೆ. ಆದರೆ ಶೀಟೂ ಮುದಿಯಾಗ್ತದೆ. ನಮ್ಮ ಕಡೆಯ ಮಳೆಗೆ ಮೇಲ್ಮೈಯ ಸಿಮೆಂಟು ವರ್ಷವರ್ಷವೂ ಸವೆದು ನಾರು ಹೊರಗೆ ಕಾಣಿಸಿಕೊಳ್ತದೆ. ಪಾಚಿ ಬೆಳೀತದೆ. ಆ ಪಾಚಿ ಒಣಗಿದ ಮೇಲೆ ತಂತಿ ಬ್ರಷ್‌ನಲ್ಲಿ ಕೆರೆದರೆ ಅದರ ಜೊತೆ ನಾರೂ ಏಳ್ತದೆ. ಪ್ರೆಷರ್ ಪಂಪಿನ ನೀರು ಬಿಟ್ಟರೆ ಇನ್ನೂ ಕೆಟ್ಟದು, ಮೇಲಿನ ಪದರವೇ ಕಿತ್ತು ಸುತ್ತ ಸಿಡೀತದೆ. ದಂಬೆಯಲ್ಲಿ ನಿಂತ ಕೆಸರಿನಲ್ಲೂ ನಾರಿರ್ತದೆ. ಅದನ್ನು ಒದ್ದೆ ಇರುವಾಗಲೇ ತೆಗೆದು ಚೀಲಕ್ಕೆ ಹಾಕಬೇಕು, ಒಣಗಲಿಕ್ಕೆ ಬಿಟ್ಟು ಗುಡಿಸಬಾರದು. ಇನ್ನೊಂದು ಬೆಂಕಿ. ಹಂಡೆ ಒಲೆಯ ಬೆಂಕಿ ಮಾಡಿಗೆ ಹತ್ತಿದರೆ ಶೀಟು ಪಟಪಟ ಸಿಡಿದು ಚೂರಾಗಿ ದೂರಕ್ಕೆ ಹಾರ್ತದೆ. ಹೊಗೆ ಹೋಗಲಿಕ್ಕೆ ಇಟ್ಟ ಹಳೇ ಬೂದು ಕೊಳವೆ ಇದೆಯಲ್ಲ, ಅದೂ ಆಸ್ಬೆಸ್ಟಾಸ್ ಸಿಮೆಂಟಿನದ್ದೇ ಇರಬಹುದು. ಅದನ್ನೂ ಲೆಕ್ಕಕ್ಕೆ ತಗೋ.

ಅಳಿಯ: ಮಳೆಗಾಲದಲ್ಲಿ ಆ ಮಾಡಿನ ನೀರನ್ನೇ ತೊಟ್ಟಿಗೆ ಹಿಡಿಯುತ್ತೇವಲ್ಲ?

ಅತ್ತೆ: ನುಂಗಿದ ನಾರಿನಿಂದ ರೋಗ ಬರ್ತದೆ ಅನ್ನಲಿಕ್ಕೆ ಒಂದೇ ದಿಕ್ಕಿಗೆ ನಿಲ್ಲುವ ಪುರಾವೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಭಯ ಇರುವುದು ಉಸಿರಿನ ದಾರಿಯದ್ದು. ಆದರೂ ಸವೆದ ಶೀಟಿನ ನೀರನ್ನು ಕುಡಿಯಲಿಕ್ಕೆ ಬಳಸದೆ ದನಗಳ ಬಾನಿ ತೊಳೆಯಲಿಕ್ಕೋ, ಗಿಡಕ್ಕೋ ಬಿಟ್ಟರೆ ಒಳ್ಳೆಯದು. ಬಾವಿ ನೀರು ಇದ್ದೇ ಇದೆ.

ಅಳಿಯ: ಚೂರನ್ನು ನೆಲಕ್ಕೆ ತುಂಬಬಾರದು ಅಂದಿರಿ. ಮೇಲೆ ಕಾಂಕ್ರೀಟು ಹಾಕಿ ಮುಚ್ಚಿದರೆ ನಾರು ಎಲ್ಲಿಂದ ಏಳ್ತದೆ?

ಅತ್ತೆ: ತುಂಬುವ ದಿನ ಒಡೆಯಬೇಕು, ಧಮ್ಮಸು ಮಾಡಬೇಕು, ಆಗಲೇ ಎದ್ದಾಯಿತು. ಮುಂದೆ ನಿನ್ನ ಮಗ ಪೈಪ್ ಹಾಕಲಿಕ್ಕೆ ಆ ನೆಲ ಅಗೆಸ್ತಾನೆ, ಅವನಿಗೆ ಕೆಳಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಇಟಲಿಯಲ್ಲಿ ಕಾಸಾಲೆ ಮೊನ್‌ಫೆರಾತೊ ಅಂತ ಒಂದು ಪಟ್ಟಣ ಇದೆ. 1907ರಿಂದ 1986ರವರೆಗೆ ಅಲ್ಲಿ ಆಸ್ಬೆಸ್ಟಾಸ್ ಸಿಮೆಂಟಿನ ದೊಡ್ಡ ಕಾರ್ಖಾನೆ ನಡೀತು. ಶೀಟು ಮತ್ತು ಕೊಳವೆಗಳನ್ನು ನಯ ಮಾಡುವಾಗ ಉದುರಿದ ಪುಡಿಯನ್ನು ಊರಿನವರು ಮನೆಗೆ ಒಯ್ಯುತ್ತಿದ್ದರು. ಅಂಗಳಕ್ಕೆ, ಹಾದಿಗೆ, ಆಟದ ಬಯಲಿಗೆ ಹರಡಿದರು. ಚಳಿ ತಡೆಯಲಿಕ್ಕೆ ಅಟ್ಟದ ಮೇಲೆ ಹಾಸಿದರು. ಪುಕ್ಕಟೆ ಸಿಗುವ ಒಳ್ಳೆಯ ವಸ್ತು ಅಂತ ಅವರ ನಂಬಿಕೆ. ಕಾರ್ಖಾನೆ ಮುಚ್ಚಿ ದಶಕಗಳಾದರೂ ಅಲ್ಲಿ ಮೆಸೊಥೀಲಿಯೋಮಾದಿಂದ ಜನ ಸಾಯುತ್ತಲೇ ಇದ್ದಾರೆ, ಅವರಲ್ಲಿ ಕಾರ್ಖಾನೆಯಲ್ಲಿ ಒಂದು ದಿನವೂ ದುಡಿಯದವರು ಬಹಳ. ದೇಶದ ಕಾನೂನಿಗೆ ಕಾಯದೆ ಅಲ್ಲಿನ ಮೇಯರ್ 1987ರಲ್ಲೇ ಊರಿನಲ್ಲಿ ಆಸ್ಬೆಸ್ಟಾಸ್ ನಿಷೇಧಿಸಿದರು. ಇಟಲಿ 1992ರಲ್ಲಿ ನಿಷೇಧಿಸಿತು. ಮಾಲೀಕರ ಮೇಲಿನ ಮೊಕದ್ದಮೆಯಲ್ಲಿ 2012ರಲ್ಲಿ ಶಿಕ್ಷೆಯಾಯಿತು, 2014ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕಾಲಮಿತಿ ಮೀರಿತು ಅಂತ ಅದನ್ನು ರದ್ದು ಮಾಡಿತು. ರೋಗ ಬರಲಿಕ್ಕೆ ನಲವತ್ತು ವರ್ಷ ಬೇಕು, ಕಾನೂನಿಗೆ ಅಷ್ಟು ತಾಳ್ಮೆ ಇಲ್ಲ. ನಿನ್ನ ಚಾವಡಿಯ ತಳಕ್ಕೆ ಚೂರು ತುಂಬುವ ಮಾತು ಕೇಳಿದಾಗ ನನಗೆ ಆ ಊರಿನ ಅಂಗಳಗಳು ಕಣ್ಣ ಮುಂದೆ ಬಂದವು.

ಅಳಿಯ: ಅಂಗಡಿಯಲ್ಲಿ ಈಗಲೂ ಶೀಟು ಮಾರ್ತಾರಲ್ಲ ಅತ್ತೆ? ಇಷ್ಟು ಅಪಾಯ ಇದ್ದರೆ ಸರ್ಕಾರ ಬಿಡ್ತಿತ್ತೇ? ಈಗಿನದ್ದು ಬಿಳೀ ಆಸ್ಬೆಸ್ಟಾಸ್, ಅದರಿಂದ ತೊಂದರೆ ಇಲ್ಲ ಅಂತ ಅಂಗಡಿಯವನು ಹೇಳಿದ.

ಅತ್ತೆ: ಆ ಮಾತು ತುಂಬ ಕಾಲದಿಂದ ಓಡ್ತಾ ಇದೆ. ನೀಲಿ, ಕಂದು, ಬಿಳಿ ಅಂತ ಮುಖ್ಯವಾಗಿ ಮೂರು ಬಗೆ ಮಾರಾಟಕ್ಕಿದ್ದವು. ಬಿಳಿ ಅಂದರೆ ಕ್ರೈಸೊಟೈಲ್. ಮೆಸೊಥೀಲಿಯೋಮಾದ ಮಟ್ಟಿಗೆ ನೀಲಿ, ಕಂದು ಹೆಚ್ಚು ಉಗ್ರ ಅನ್ನುವುದು ನಿಜ. ಆದರೆ ಕ್ರೈಸೊಟೈಲ್ ಸೇರಿ ಎಲ್ಲ ಬಗೆಯೂ ಮನುಷ್ಯರಿಗೆ ಕ್ಯಾನ್ಸರ್ ತರ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆ ಕ್ಯಾನ್ಸರ್ ಸಂಶೋಧನಾ ವಿಭಾಗ ತೀರ್ಮಾನಿಸಿದೆ, ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಒಂದನೇ ಗುಂಪಿನಲ್ಲೇ ಇಟ್ಟಿದೆ. ಅರವತ್ತಕ್ಕೂ ಹೆಚ್ಚು ದೇಶಗಳು ನಿಷೇಧಿಸಿವೆ. ನಮ್ಮ ಪಕ್ಕದ ನೇಪಾಳ 2015ರಲ್ಲಿ ನಿಷೇಧಿಸಿತು. ಅಗೆದು ಮಾರುತ್ತಿದ್ದ ಕೆನಡಾ ತನ್ನ ಗಣಿ ಮುಚ್ಚಿ 2018ರಲ್ಲಿ ನಿಷೇಧಿಸಿತು. ಅಮೆರಿಕ ಕ್ರೈಸೊಟೈಲ್ ನಿಷೇಧದ ಆದೇಶ ಹೊರಡಿಸಿದ್ದು 2024ರಲ್ಲಿ. ನಮ್ಮ ದೇಶ 1986ರಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು, ಆದರೆ ರಷ್ಯಾ, ಕಜಕಸ್ತಾನದಂಥ ಕಡೆಗಳಿಂದ ತರಿಸುವುದು ನಿಲ್ಲಲಿಲ್ಲ. ಈಗ ಪ್ರಪಂಚದಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವವರು ನಾವು. ಅದರಲ್ಲಿ ಬಹುಪಾಲು ಹೋಗುವುದು ಮಾಡಿನ ಶೀಟಿಗೆ.

ಅಳಿಯ: ಕೋರ್ಟು ಏನೂ ಹೇಳಿಲ್ಲವೇ?

ಅತ್ತೆ: 1995ರಲ್ಲಿ ಸುಪ್ರೀಂ ಕೋರ್ಟು ಬಹಳ ದೊಡ್ಡ ಮಾತು ಹೇಳಿತು. ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹಾಕಿದ ಅರ್ಜಿ ಅದು. ದುಡಿಯುವವನ ಆರೋಗ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ತೀರ್ಪು ಕೊಟ್ಟಿತು. ಕಾರ್ಖಾನೆಯವರು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಅಂದಿತು. ರೋಗ ಬಂದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಲವತ್ತು ವರ್ಷ ಅಂದದ್ದು ಯಾಕೆ ಅಂತ ಈಗ ನಿನಗೆ ಅರ್ಥ ಆಗ್ತದೆ. ಆದರೆ ಆ ರಕ್ಷಣೆ ಕಾರ್ಖಾನೆಯ ಗೇಟಿನ ಒಳಗಿನದ್ದು. ಮನೆಯ ಮಾಡು ಹತ್ತುವ ಕೂಲಿಯವನಿಗೆ ಹಾಜರಿ ಪುಸ್ತಕವೂ ಇಲ್ಲ, ಆರೋಗ್ಯದ ಪುಸ್ತಕವೂ ಇಲ್ಲ. ಅವನ ಮಟ್ಟಿಗೆ ಕಾರ್ಖಾನೆಯ ಮಾಲೀಕ ನೀನೇ.

ಅಳಿಯ: ಅಕ್ಕ ಸಿಡ್ನಿಯಲ್ಲಿ ನೋಡಿದ ಹಳೇ ಮನೆಯ ಗೋಡೆಯೇ ಆಸ್ಬೆಸ್ಟಾಸಂತೆ. ಅಲ್ಲಿ ಇಷ್ಟು ಗಾಬರಿ ಯಾಕೆ?

ಅತ್ತೆ: ಫೈಬ್ರೊ ಮನೆ ಅಂತಾರೆ ಅಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಿಡ್ನಿಯ ಹೊರವಲಯದಲ್ಲಿ ಅಗ್ಗದ ಆಸ್ಬೆಸ್ಟಾಸ್ ಹಲಗೆಯಿಂದ ಸಾಲುಸಾಲಾಗಿ ಮನೆ ಕಟ್ಟಿದರು. ಆಸ್ಟ್ರೇಲಿಯಾದ ಮೂರು ಮನೆಗಳಲ್ಲಿ ಒಂದರಲ್ಲಿ ಈ ವಸ್ತು ಇನ್ನೂ ಇದೆ ಅನ್ನುವುದು ಅಲ್ಲಿನ ಅಂದಾಜು. 1990ಕ್ಕಿಂತ ಹಿಂದೆ ಕಟ್ಟಿದ ಮನೆ ಅಂದರೆ ಇದ್ದೇ ಇರಬಹುದು ಅಂತ ಇಟ್ಟುಕೊಂಡೇ ಕೆಲಸ ಶುರು ಮಾಡ್ತಾರೆ. ಪೂರ್ತಿ ನಿಷೇಧ ಬಂದದ್ದು 2003ರ ಕೊನೆಯ ದಿನ. ಕ್ಯಾನ್‌ಬೆರಾದಲ್ಲಿ ಇನ್ನೂ ಕೆಟ್ಟದಾಯಿತು. ಅರವತ್ತು, ಎಪ್ಪತ್ತರ ದಶಕದಲ್ಲಿ ಒಬ್ಬ ಗುತ್ತಿಗೆದಾರ ಸಾವಿರದಷ್ಟು ಮನೆಗಳ ಅಟ್ಟಕ್ಕೆ ಬಿಡಿ ನಾರನ್ನೇ ಸುರಿದಿದ್ದ. ಸಿಮೆಂಟಿನ ಹಿಡಿತ ಇಲ್ಲದ ನಾರು ಅದು. ಒಮ್ಮೆ ತೆಗೆದು ಸ್ವಚ್ಛ ಮಾಡಿಸಿದರೂ ಉಳಿದುಕೊಂಡಿತ್ತು. ಕೊನೆಗೆ 2014ರಿಂದ ಅಲ್ಲಿನ ಸರ್ಕಾರವೇ ಆ ಮನೆಗಳನ್ನು ಕೊಂಡು ನೆಲಸಮ ಮಾಡಿತು. ಹಾಗಾಗಿ ಅಲ್ಲಿ ನೆಲೆಸಿದ ನಮ್ಮವರು ಹಳೇ ಮನೆ ಕೊಳ್ಳುವಾಗ ಪರೀಕ್ಷೆ ಮಾಡಿಸುವುದು ಗಾಬರಿ ಅಲ್ಲ, ಬುದ್ಧಿವಂತಿಕೆ. ಗೋಡೆ ಗಟ್ಟಿ ಇದ್ದರೆ ಬಣ್ಣ ಹೊಡೆದು ಬಿಟ್ಟು, ಮೊಳೆ ಹೊಡೆಯದೆ ಬದುಕುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂತಲೂ ನಿನ್ನ ಅಕ್ಕನಿಗೆ ಹೇಳು.

ಅಳಿಯ: ಹಾಗಾದರೆ ನಾನೂ ಬಣ್ಣ ಹೊಡೆಸಿ ಬಿಟ್ಟುಬಿಡಲೇ?

ಅತ್ತೆ: ಮೂರು ಮಾಡನ್ನೂ ಬೇರೆಬೇರೆಯಾಗಿ ನೋಡು. ಬಚ್ಚಲುಮನೆಯ ಶೀಟಿಗೆ ಬಿರುಕಿಲ್ಲ, ಅಂಚು ಪುಡಿಯಾಗಿಲ್ಲ ಅಂದರೆ ಅದನ್ನು ಮುಟ್ಟಬೇಡ. ಕೆರೆಯದೆ, ಉಜ್ಜದೆ ಒಳಗಿನಿಂದ ಎರಡು ಕೋಟು ಬಣ್ಣ ಹೊಡೆಸಬಹುದು. ಅದಕ್ಕೆ ತೂತು ಹಾಕಿ ಬಲ್ಬು, ಎಕ್ಸಾಸ್ಟ್ ಫ್ಯಾನು ಕೂರಿಸುವುದು ಬೇಡ. ಕೊಟ್ಟಿಗೆಯದ್ದು ಮಂಗ ಹಾರಿ ಒಡೆದಿದೆ, ಸೋರ್ತದೆ. ಅದನ್ನು ತೆಗೆಯಲೇಬೇಕು. ಇಳಿಸಿದ ಮಾಡನ್ನು ಹೇಗಿದ್ದರೂ ಎತ್ತರಿಸ್ತೀಯಲ್ಲ, ಅದರ ಶೀಟೂ ಇಳಿಯಬೇಕು. ನಮ್ಮ ಮನೆಗೆ ಹಾಕಿದ ಕಾಲದ್ದು ಅಂದ ಮೇಲೆ ಅದು ಆಸ್ಬೆಸ್ಟಾಸೇ ಅಂತ ಇಟ್ಟುಕೋ. ಈಚೆಗೆ ಆಸ್ಬೆಸ್ಟಾಸ್ ಇಲ್ಲದ ಫೈಬರ್ ಸಿಮೆಂಟ್ ಶೀಟೂ ಬಂದಿದೆ, ಎರಡನ್ನೂ ಕಣ್ಣಲ್ಲಿ ನೋಡಿ ಬೇರೆ ಮಾಡಲಿಕ್ಕೆ ಆಗುವುದಿಲ್ಲ, ಸೂಕ್ಷ್ಮದರ್ಶಕ ಬೇಕು.

ಅಳಿಯ: ತೆಗೆಯುವುದು ಹೇಗೆ ಅಂತ ಒಂದೊಂದಾಗಿ ಹೇಳಿ, ಬರೆದುಕೊಳ್ತೇನೆ.

ಅತ್ತೆ: ಮೊದಲನೆಯದು ನಾರಿನ ಮಾತೂ ಅಲ್ಲ. ಹಳೇ ಶೀಟಿನ ಮೇಲೆ ಯಾರೂ ಕಾಲಿಡಬಾರದು. ಅದು ಮನುಷ್ಯನ ಭಾರ ತಡೆಯುವುದಿಲ್ಲ, ಒಡೆದು ಕೆಳಗೆ ಬಿದ್ದರೆ ನಲವತ್ತು ವರ್ಷ ಕಾಯಬೇಕಾಗಿಲ್ಲ. ಸಾರುವೆ ಕಟ್ಟಿಸಿ ಕೆಳಗಿನಿಂದ, ಪಕ್ಕದಿಂದ ಕೆಲಸ ಮಾಡಲಿ. ಮೇಲೆ ಹೋಗಲೇಬೇಕಾದರೆ ಜಂತಿಗಳ ಮೇಲೆ ಭಾರ ಬೀಳುವ ಹಾಗೆ ಅಗಲದ ಹಲಗೆ ಹಾಕಬೇಕು. ಗಾಳಿ ಇಲ್ಲದ ದಿನ ಆರಿಸು. ದನ, ಕೋಳಿ, ಮಕ್ಕಳು ದೂರ ಇರಲಿ, ಬಾವಿ ಮುಚ್ಚಿಡು, ಕೆಳಗೆ ಟಾರ್ಪಾಲು ಹಾಸು. ಔಷಧಿ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು, ನೀರಿಗೆ ಸ್ವಲ್ಪ ಸೋಪು ಬೆರೆಸಿ ಮೆಲ್ಲಗೆ ಸಿಂಪಡಿಸಬೇಕು, ಎರಡೂ ಬದಿ ಒದ್ದೆಯಾಗಬೇಕು. ಜೆ ಬೋಲ್ಟಿನ ನಟ್ಟು ಬಿಚ್ಚಬೇಕು, ತುಕ್ಕು ಹಿಡಿದದ್ದನ್ನು ಬೋಲ್ಟ್ ಕಟ್ಟರಿನಲ್ಲಿ ಕತ್ತರಿಸಬೇಕು. ಗ್ರೈಂಡರ್ ಹತ್ತಿರಕ್ಕೂ ಬರಬಾರದು. ಶೀಟನ್ನು ಇಡಿಯಾಗಿ ಕೈಯಿಂದ ಕೈಗೆ ಇಳಿಸಬೇಕು, ಎಸೆಯಬಾರದು.

ಅಳಿಯ: ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಕಲ್ಲವೇ?

ಅತ್ತೆ: ಟವೆಲ್ಲಿನಿಂದ ಏನೂ ಪ್ರಯೋಜನ ಇಲ್ಲ. ಕಮ್ಮಿ ಅಂದರೂ ಎನ್95 ಮಾಸ್ಕು, ಮೂಗಿನ ಪಟ್ಟಿ ಒತ್ತಿ ಬಿಗಿಯಾಗಿ ಕೂತಿರಬೇಕು. ಗಡ್ಡ ಇದ್ದರೆ ಸಂದಿನಲ್ಲಿ ಗಾಳಿ ನುಗ್ತದೆ. ಇದಕ್ಕಿಂತ ಒಳ್ಳೆಯದು ಬದಲಿಸುವ ಫಿಲ್ಟರ್ ಇರುವ ಅರ್ಧ ಮುಖದ ಮಾಸ್ಕು, ಸಿಕ್ಕಿದರೆ ಅದನ್ನೇ ತರಿಸು. ತುಂಬು ತೋಳಿನ ಹಳೇ ಬಟ್ಟೆ ನೀನೇ ಕೊಡು, ಕೆಲಸ ಮುಗಿದ ಮೇಲೆ ಒದ್ದೆ ಮಾಡಿ ಬಿಚ್ಚಿ ಶೀಟಿನ ಜೊತೆಗೇ ಕಟ್ಟಿ ಹಾಕು. ಬೀಡಿ, ಚಹಾ ದೂರ ಹೋಗಿ, ಕೈ ಮುಖ ತೊಳೆದು. ಸ್ನಾನ ನಿನ್ನ ಮನೆಯಲ್ಲೇ ಆಗಲಿ, ಅವರ ಹೆಂಡತಿಯರಿಗೆ ಒಗೆಯಲಿಕ್ಕೆ ಏನೂ ಹೋಗಬಾರದು. ಬಿದ್ದ ಚೂರನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಇದಕ್ಕೆಲ್ಲ ಒಂದು ದಿನದ ಬದಲು ಮೂರು ದಿನ ಹಿಡೀಬಹುದು. ಮೂರು ದಿನದ ಕೂಲಿ ಕೊಡು.

ಅಳಿಯ: ಇಳಿಸಿದ್ದನ್ನು ಏನು ಮಾಡಲಿ? ಗುಜರಿಯವನು ಕೇಳ್ತಿದ್ದಾನೆ, ಪಕ್ಕದ ಮನೆಯವರೂ ಕೋಳಿ ಗೂಡಿಗೆ ಬೇಕು ಅಂದರು.

ಅತ್ತೆ: ಇಬ್ಬರಿಗೂ ಕೊಡಬೇಡ. ಕೊಟ್ಟರೆ ಅಪಾಯವನ್ನು ದಾಟಿಸಿದ ಹಾಗೆ, ಮುಗಿಸಿದ ಹಾಗಲ್ಲ. ಆಸ್ಟ್ರೇಲಿಯಾದಲ್ಲಿ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟೇಪು ಹಾಕಿ, ಮೇಲೆ ಆಸ್ಬೆಸ್ಟಾಸ್ ಅಂತ ಬರೆದು, ಅದಕ್ಕೇ ಗೊತ್ತು ಮಾಡಿದ ಜಾಗಕ್ಕೆ ಒಯ್ಯುತ್ತಾರೆ. ನೀನೂ ಎರಡು ಸುತ್ತು ಸುತ್ತಿ ಕಟ್ಟು. ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಪಂಚಾಯ್ತಿಗೂ ಬರವಣಿಗೆಯಲ್ಲಿ ಕೇಳು. ಕಾರ್ಖಾನೆಯ ಆಸ್ಬೆಸ್ಟಾಸ್ ತ್ಯಾಜ್ಯಕ್ಕೆ ನಮ್ಮಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮ ಇದೆ, ಹಳ್ಳಿಯ ಮನೆಯ ಮೂವತ್ತು ಶೀಟು ಒಯ್ಯಲಿಕ್ಕೆ ಗಾಡಿ ಬರುವ ವ್ಯವಸ್ಥೆ ಇಲ್ಲ. ಕೇಳುವವರು ಹೆಚ್ಚಾದರೆ ಅದು ಆಗ್ತದೆ. ಉತ್ತರ ಬರುವವರೆಗೆ ಸುತ್ತಿದ ಕಟ್ಟನ್ನು ಯಾರೂ ಮುಟ್ಟದ, ಮಳೆ ಬೀಳದ ಕಡೆ ಇಡು.

ಅಳಿಯ: ಅತ್ತೆ, ನನಗೆ ಇದನ್ನೆಲ್ಲ ಮಾಡಲಿಕ್ಕೆ ಕೈಯಲ್ಲಿ ದುಡ್ಡಿದೆ. ಬರೀ ಶೀಟಿನ ಒಂದೇ ಕೋಣೆಯಲ್ಲಿ ಇರುವವರು ಏನು ಮಾಡಬೇಕು?

ಅತ್ತೆ: ನೀನು ಕೇಳಬೇಕಾದ ಪ್ರಶ್ನೆಯೇ ಅದು. 2011ರ ಜನಗಣತಿಯಲ್ಲಿ ದೇಶದ ಸುಮಾರು ಶೇ 16ರಷ್ಟು ಮನೆಗಳ ಮಾಡು ತಗಡು ಅಥವಾ ಆಸ್ಬೆಸ್ಟಾಸ್ ಶೀಟಿನದ್ದು. ಅವರಿಗೆ ತೆಗೆಯಿರಿ ಅಂತ ಉಪದೇಶ ಮಾಡುವುದು ಅನ್ಯಾಯ. ಅವರಿಗೆ ಹೇಳಬೇಕಾದದ್ದು ಇಷ್ಟು: ಕೊರೆಯಬೇಡಿ, ಉಜ್ಜಬೇಡಿ, ಒಡೆದದ್ದನ್ನು ಒದ್ದೆ ಮಾಡಿ ತೆಗೆಯಿರಿ. ಉಳಿದದ್ದು ಸರ್ಕಾರದ ಕೆಲಸ. ವಸತಿ ಯೋಜನೆಯ ಮನೆಗೆ, ಅಂಗನವಾಡಿಗೆ, ಶಾಲೆಗೆ ಹೊಸದಾಗಿ ಈ ಶೀಟು ಹಾಕುವುದನ್ನು ನಿಲ್ಲಿಸಬೇಕು. ಕೇರಳದ ಮಾನವ ಹಕ್ಕುಗಳ ಆಯೋಗ 2009ರಲ್ಲೇ ಶಾಲೆಗಳ ಆಸ್ಬೆಸ್ಟಾಸ್ ಮಾಡು ಬದಲಿಸಿ ಅಂತ ಹೇಳಿತ್ತು. ನಿನ್ನ ಕೈಯಲ್ಲಿರುವುದು ಎರಡು ಕೆಲಸ. ಕೊಟ್ಟಿಗೆಗೆ ಹೊಸ ಮಾಡು ಹಾಕುವಾಗ ಇನ್ನೊಂದು ಆಸ್ಬೆಸ್ಟಾಸ್ ಶೀಟು ಕೊಳ್ಳಬೇಡ. ಬಣ್ಣದ ತಗಡು ಹಾಕು, ಹೆಂಚು ಹಾಕು, ಆಸ್ಬೆಸ್ಟಾಸ್ ಇಲ್ಲ ಅಂತ ಬರೆದುಕೊಟ್ಟ ಫೈಬರ್ ಸಿಮೆಂಟು ಹಾಕು.

ಅಳಿಯ: ಎರಡನೆಯದು?

ಅತ್ತೆ: ಬಚ್ಚಲುಮನೆಯ ಶೀಟು ಉಳೀತದಲ್ಲ, ಅದನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡು. ಎಲ್ಲೆಲ್ಲಿ ಆಸ್ಬೆಸ್ಟಾಸ್ ಇದೆ, ಹೊಗೆ ಕೊಳವೆ ಸೇರಿ, ಯಾವ ಸ್ಥಿತಿಯಲ್ಲಿದೆ, ಯಾವಾಗ ನೋಡಿದ್ದು, ಏನು ಮಾಡಬಾರದು. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ನೋಡಿ ಒಂದು ಸಾಲು ಸೇರಿಸು. ಮುಂದೆ ಪ್ಲಂಬರ್ ಬಂದರೆ, ಬಡಗಿ ಬಂದರೆ, ಮನೆ ಮಾರಿದರೆ, ಮೊದಲು ಆ ಹಾಳೆ ತೋರಿಸಬೇಕು. ನಮ್ಮ ಹಿರಿಯರಿಗೆ ಯಾರೂ ಹೇಳಿರಲಿಲ್ಲ. ನಿನಗೆ ಗೊತ್ತಾಗಿದೆ, ಮುಂದೆ ಆ ಮಾಡಿಗೆ ಕೈ ಹಾಕುವವರಿಗೆ ಗೊತ್ತಿಲ್ಲದ ಹಾಗೆ ಆಗಬಾರದು.